ಹನ್ನೊಂದನೇ ನಂಬರಿನ ಹುಡುಗಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕೋಲಸಿರ್ಸಿಯಿಂದ ಎರಡು ಮೈಲಿ ಒಳಗಿದ್ದ ಏಕೋಪಾಧ್ಯಾಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಆ ವರ್ಷ ಒಂದನೇ ತರಗತಿಗೆ ಸೇರಿದ ಹುಡುಗಿಯೊಬ್ಬಳು ಶಾಲೆಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳದು ಹನ್ನೊಂದನೇ ನಂಬರು. ಕರೆದಾಗಲೆಲ್ಲ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಮಕ್ಕಳನ್ನು ಮೊದಲೇ ಬಗ್ಗಿಸದಿದ್ದರೆ ಕಲಿಯುವುದಿಲ್ಲ ಎಂದು ನಂಬಿದ್ದ ದಿನಗಳು ಅವು. ದಿನಾ ಬೆಳಿಗ್ಗೆ ಬೆತ್ತದಿಂದ ಮೇಜು ಬಡಿದು, "ಬಾಯಲ್ಲಿ ಎಂತ ಇಟ್ಕಂಡಿದ್ದೆ? ತೆಗೆ" ಎನ್ನುತ್ತಿದ್ದೆ. ಉಳಿದವರು ನಗುತ್ತಿದ್ದರು.

ಶಾಲೆಯ ಬೀಗದ ಕೈ ಇರುತ್ತಿದ್ದುದು ಪಕ್ಕದಲ್ಲೇ ಇದ್ದ ಅವಳ ಮನೆಯಲ್ಲಿ. ಒಮ್ಮೆ ಅವಳ ತಾಯಿ ಬೇಲಿಯ ದಣಪೆ ದಾಟುವಲ್ಲಿ ನನ್ನನ್ನು ತಡೆದು, ಮಗಳು ಮನೆಯಲ್ಲಿ ಮಾತಾಡುತ್ತಾಳೆ ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಕೂಸಿನ ಸ್ವರ ಅಲ್ಲ ಅಕ್ಕೋರೆ. ಯಂಗೆ ಹೆದ್ರಿಕೆ ಆಗ್ತು" ಎಂದರು. ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಬಿಟ್ಟು ಸಿದ್ದಾಪುರದ ಬಸ್ಸಿಗೆ ಹೊರಟವಳು, ಹಾಜರಿ ಪುಸ್ತಕ ಮರೆತೆನೆಂದು ಅರ್ಧ ದಾರಿಯಿಂದ ವಾಪಸಾದೆ. ಶಾಲೆಯ ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ನನ್ನ ದನಿ ಕೇಳಿಸುತ್ತಿತ್ತು.

ಹೋಲುವ ದನಿಯಲ್ಲ, ನನ್ನದೇ. "ಏಳು" ಎಂದು, ಮಗು ಉತ್ತರಿಸುವಷ್ಟು ಹೊತ್ತು ಬಿಟ್ಟು, "ಎಂಟು" ಎನ್ನುತ್ತಿತ್ತು. ನಡುವೆ ನಾನು ಗಂಟಲು ಸರಿಪಡಿಸಿಕೊಳ್ಳುವ ಸದ್ದೂ ಇತ್ತು. ಕಿಟಕಿಯಿಂದ ಇಣುಕಿದೆ. ಆ ಹುಡುಗಿ ಖಾಲಿ ಮಣೆಗಳ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು.

"ಹನ್ನೊಂದು."

ತಾನು ಕೂರುವ ಮಣೆಯನ್ನು ದಿಟ್ಟಿಸುತ್ತ ಬಹಳ ಹೊತ್ತು ಕಾದಳು. ಆಮೇಲೆ ಬೆತ್ತ ಮೇಜಿಗೆ ಬಿತ್ತು. "ಬಾಯಲ್ಲಿ ಎಂತ ಇಟ್ಕಂಡಿದ್ದೆ? ತೆಗೆ." ಆ ಮಾತಿನಲ್ಲಿ ಅಷ್ಟೊಂದು ತಿರಸ್ಕಾರ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಯಾಕೋ ಒಳಗೆ ಹೋಗಿ ಅವಳ ಮಣೆಯ ಮೇಲೆ ಕೂತೆ. ಅವಳು ಬೆಚ್ಚಲಿಲ್ಲ, ನನ್ನನ್ನೇ ನೋಡಿ ಮತ್ತೆ "ಹನ್ನೊಂದು" ಎಂದಳು. ಹಾಜರ್ ಅನ್ನಬೇಕೆಂದುಕೊಂಡೆ, ನಾಲಿಗೆ ಏಳಲಿಲ್ಲ. ಕೊನೆಗೆ ಹೇಗೋ, "ಹೆದ್ರಿಕೆ ಆಗ್ತದೆ ಅಕ್ಕೋರೆ" ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಆಯ್ತು. ಹನ್ನೆರಡು" ಎಂದು ಮುಂದೆ ಹೋದಳು.

ಸೋಮವಾರ ನಾನೂ ಹಾಗೇ ಮಾಡಿದೆ. ಅವಳ ನಂಬರು ಕರೆದು, ಸ್ವಲ್ಪ ಕಾದು, ಆಯ್ತು ಎಂದು ಮುಂದಿನ ನಂಬರಿಗೆ ಹೋದೆ. ಬೆತ್ತ ಮುಟ್ಟಲಿಲ್ಲ. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ "ಹಾಜರ್" ಎಂಬ ಉತ್ತರ ನನ್ನ ದನಿಯಲ್ಲೇ ಬಂತು. ಮಕ್ಕಳೆಲ್ಲ ನಾನೇ ಹೇಳಿದೆನೆಂದು ನನ್ನ ಕಡೆ ತಿರುಗಿದರು. ಅವಳ ಸ್ವಂತ ದನಿ ಹೊರಬಂದದ್ದು ಬೇಸಿಗೆ ರಜೆಗೆ ಮುಂಚೆ, ಸ್ವಲ್ಪ ತೊದಲುತ್ತ, ಕಪ್ಪೆಮರಿಗೆ ಕಾಲು ಯಾವಾಗ ಬರುತ್ತದೆ ಎಂದು ಕೇಳುವಾಗ.

ನಾವು ಕಲಿಸಿದೆವು ಅಂದುಕೊಂಡದ್ದನ್ನು ಮಕ್ಕಳು ಮರೆಯುತ್ತಾರೆ. ಕಲಿಸುತ್ತಿದ್ದೇವೆಂದು ನಮಗೇ ಗೊತ್ತಿಲ್ಲದ್ದನ್ನು ಒಳಗಿಟ್ಟುಕೊಳ್ಳುತ್ತಾರೆ. ಅವಳ ಬಾಯಿಂದ ನಾನು ಅದನ್ನು ಕೇಳಿಸಿಕೊಂಡೆ. ಅವಳಿಗಿಂತ ಮುಂಚೆ ಯಲ್ಲಾಪುರದ ಕಡೆಯ ಶಾಲೆಯಲ್ಲಿ ನಾನು ಆರು ವರ್ಷ ಪಾಠ ಹೇಳಿದ್ದೆ. ಆ ಮಕ್ಕಳಿಗೂ ಈಗ ಮಕ್ಕಳಿರಬೇಕು. ಅವರ ಯಾವ ಮನೆಯಲ್ಲಿ, ಯಾರ ಮೇಲೆ, ನನ್ನ ದನಿ ಏಳುತ್ತಿದೆಯೋ ನನಗೆ ತಿಳಿಯದು.