ಹಿರೇಮಠರ ‘ರೀ’

೨೦೦೭ರಲ್ಲಿ ನಾನು ಪುಣೆಯ ಕೋಥರೂಡದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಆ ವರ್ಷ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಚಾಟ್ ಸೌಲಭ್ಯ ತೆರೆದೆವು. ವಿದ್ಯಾರ್ಥಿ ಎಲ್ಲಿಂದಲಾದರೂ ಪ್ರಶ್ನೆ ಟೈಪ್ ಮಾಡಿದರೆ ನಮ್ಮ ಸಿಬ್ಬಂದಿ ಆಗಿಂದಾಗಲೇ ಉತ್ತರಿಸಬೇಕು. ಪ್ರಾಚಾರ್ಯರು ಒಂದು ತಿಂಗಳ ಪ್ರಯೋಗಕ್ಕೆ ಮಾತ್ರ ಒಪ್ಪಿದ್ದರು.

ಹೆಸರಿನ ಮುಂದೆ ಪದವಿಗಳ ಸಾಲೇ ಇದ್ದ ಸಹಾಯಕರು ಪುರುಸೊತ್ತಿಲ್ಲವೆಂದು ಜಾರಿಕೊಂಡರು. ಮುಂದೆ ಬಂದವರು ಕೌಂಟರಿನ ಗುಮಾಸ್ತ ಹಿರೇಮಠರು. ಕಲಬುರಗಿ ಕಡೆಯವರು, ಎರಡೇ ಬೆರಳಿನ ಟೈಪಿಂಗ್. ಆದರೆ ಯಾವ ಪುಸ್ತಕ ಎಲ್ಲಿದೆ ಎಂಬುದು ಅವರಿಗೆ ಕ್ಯಾಟಲಾಗಿಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಇಂಗ್ಲಿಷ್ ಉತ್ತರಗಳು ಹೀಗಿರುತ್ತಿದ್ದವು: ‘ಯೆಸ್ ರೀ. ಥರ್ಡ್ ರ‍್ಯಾಕ್ ರೀ. ಕಮ್ ಟುಮಾರೋ ರೀ.’ ‘ರೀ’ ಎಂಬುದು ಉತ್ತರಿಸುವವರ ಹೆಸರೆಂದು ತಿಳಿದ ಮರಾಠಿ ಹುಡುಗರು ‘ಗುಡ್ ಮಾರ್ನಿಂಗ್, ರೀ!’ ಎಂದು ಬರೆಯತೊಡಗಿದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಗ್ರಂಥಾಲಯ ಸಮಿತಿಯ ಪ್ರಾಧ್ಯಾಪಕರೊಬ್ಬರು ಆ ಸಂಭಾಷಣೆಗಳನ್ನು ಪ್ರಿಂಟ್ ತೆಗೆಸಿ, ಪ್ರತಿ ‘ರೀ’ಗೂ ಕೆಂಪು ಗೆರೆ ಎಳೆದು ಪ್ರಾಚಾರ್ಯರ ಮುಂದಿಟ್ಟರು. ‘ಇದು ಸರಿಹೋಗದಿದ್ದರೆ ಶನಿವಾರದಿಂದ ಚಾಟ್ ಬಂದ್’ ಎಂದು ಅಪ್ಪಣೆಯಾಯಿತು.

ನಾನು ಧಾರವಾಡದವಳು, ಅದೇ ‘ರೀ’ ಕೇಳುತ್ತ ಬೆಳೆದವಳು. ಆದರೂ ಹಿರೇಮಠರಿಗೆ ಅದನ್ನು ಬಿಟ್ಟುಬಿಡಿ ಎಂದೆ.

‘ರೀ ಹಚ್ಚದ ಮಾತಾಡಿದ್ರ ಮಂದೀನ ಗದರಿಸಿದಂಗ ಆಗತದರಿ, ಬಾಯಾರ,’ ಎಂದರು. ಕೊನೆಗೆ ನನ್ನ ಮಾತಿಗೆ ಒಪ್ಪಿದರು. ಅಭ್ಯಾಸಬಲದಿಂದ ಟೈಪ್ ಮಾಡಿಬಿಟ್ಟು, ಕಳಿಸುವ ಮುನ್ನ ಒಂದೊಂದನ್ನೇ ಅಳಿಸುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ನನ್ನನ್ನು ಕರೆದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ‘ಸರ್, ನನ್ನ ಮ್ಯಾಲ ಸಿಟ್ಟಾಗೀರೇನ್ರಿ? ಎರಡು ದಿನ ಆತು, ನೀವು ರೀ ಅನ್ನವಲ್ರಿ.’

ಹಿರೇಮಠರು ವಿಚಾರಿಸಿದರು. ಯಾದಗಿರಿ ಕಡೆಯ ಹುಡುಗಿ, ಮೊದಲ ವರ್ಷ. ತಂದೆಗೆ ಇಲ್ಲೇ ಕಟ್ಟಡದ ಕೆಲಸ. ಇಂಗ್ಲಿಷಾಗಲಿ ಮರಾಠಿಯಾಗಲಿ ತಪ್ಪಿದರೆ ನಗುತ್ತಾರೆಂದು ಅವಳು ಗ್ರಂಥಾಲಯದ ಮೆಟ್ಟಿಲೇ ಹತ್ತಿರಲಿಲ್ಲ. ಓದಿಗೆ ಬೇಕಾದದ್ದನ್ನೆಲ್ಲ ಚಾಟ್‌ನಲ್ಲೇ ಕೇಳುತ್ತಿದ್ದಳು. ‘ರೀ’ ಕಂಡ ದಿನವೇ ಇವರು ನಮ್ಮವರೆಂದು ಗುರುತಿಸಿದ್ದಳಂತೆ, ಹೇಳುವ ಧೈರ್ಯವಾಗಿರಲಿಲ್ಲವಂತೆ. ನನಗೆ ನಾಚಿಕೆಯಾಯಿತು.

ಆ ಪುಟವನ್ನೇ ಪ್ರಿಂಟ್ ಮಾಡಿ ಒಯ್ದು ಪ್ರಾಚಾರ್ಯರಿಗೆ ಅರ್ಥ ಬಿಡಿಸಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡರು. ‘ಅಂದರೆ ಇದು ನಮ್ಮ ಮರಾಠಿಯ “ಅಹೋ” ಇದ್ದಂತೆ,’ ಎಂದರು. ‘ಚಾಟ್ ನಡೆಯಲಿ. ಅವರು ಬರೆಯುವ ಹಾಗೇ ಬರೆಯಲಿ.’

ಹೊಸ ತಂತ್ರಜ್ಞಾನ ತಂದವಳು ನಾನೆಂಬ ಹೆಮ್ಮೆ ನನಗಿತ್ತು. ಓದುಗರನ್ನು ಮಾತಾಡಿಸುವುದು ಹೇಗೆಂದು ನನಗೆ ಕಲಿಸಿದವರು ಮಾತ್ರ ಹಿರೇಮಠರು. ಅಂಥ ಇನ್ನೊಬ್ಬರನ್ನು ನನ್ನ ವೃತ್ತಿಯಲ್ಲಿ ನಾನು ಕಾಣಲಿಲ್ಲ.

ಸೋಮವಾರ ಆ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಹಿರೇಮಠರು ಕುರ್ಚಿಯಿಂದ ಎದ್ದರು. ತಮ್ಮ ಮಗಳಿಗಿಂತ ಚಿಕ್ಕವಳಾದ ಅವಳಿಗೆ, ‘ಒಳಗ ಬರ್ರಿ,’ ಎಂದರು.