ಎಲ್ಲರಿಗೂ ಜೂನ್ ಒಂದು

“ಸರ್, ಈ ಪುಟದಾಗಿನ ಹುಡುಗ್ರೆಲ್ಲಾ ಜೂನ್ ಒಂದಕ್ಕ ಹುಟ್ಟ್ಯಾರೇನ್ರೀ?”

ಖಾನಾಪುರದ ಕೋರ್ಟಿನಲ್ಲಿ ವಕೀಲರು ಹೀಗೆ ಕೇಳಿದಾಗ ಅವರ ಕೈಯಲ್ಲಿದ್ದದ್ದು ಹಳ್ಳಿ ಶಾಲೆಯಲ್ಲಿ ನಾನೇ ಬರೆದ ದಾಖಲಾತಿ ಪುಸ್ತಕ. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳಿಗೆ ನಾವು ಮಾಸ್ತರರು ಬರೆಯುತ್ತಿದ್ದುದು ಅದೇ ದಿನ.

ದಾವೆ ಹೂಡಿದವಳು ನನ್ನ ಹಳೆಯ ವಿದ್ಯಾರ್ಥಿನಿ; ವಕೀಲರು ಆಕೆಯ ಕಡೆಯವರು. ಅಪ್ಪ ತೀರಿದ ಮೇಲೆ ಒಂದು ಜುಲೈನಲ್ಲಿ ಚಿಕ್ಕಪ್ಪ ಆಕೆಯಿಂದ ಹೊಲ ಬರೆಸಿಕೊಂಡಿದ್ದ. ಆಗ ತನಗಿನ್ನೂ ಹದಿನೆಂಟು ತುಂಬಿರಲಿಲ್ಲವೆಂದು ಆಕೆ ಸಾಬೀತು ಮಾಡಬೇಕಿತ್ತು. ನನ್ನ ಪುಸ್ತಕದ ಪ್ರಕಾರ ಹಿಂದಿನ ತಿಂಗಳಷ್ಟೇ ತುಂಬಿತ್ತು.

“ಪಾಲಕರು ಹೇಳಿದ್ದನ್ನ ಬರದೀನ್ರೀ” ಅಂದೆ. ಪಿಂಚಣಿಗೆ ಎಲ್ಲಿ ತೊಂದರೆಯಾದೀತೋ ಎಂಬ ಅಂಜಿಕೆ.

ಹೊರಗೆ ಬಂದಾಗ ಆಕೆಯೇ ನನಗೆ ಕುಡಿಯಲು ನೀರು ಕೊಟ್ಟಳು. “ಗಣಪ್ಪನ ಹಬ್ಬದ ಮರುದಿನ ಹುಟ್ಟ್ಯಾಳ ಅಂತ ನಮ್ಮವ್ವ ನಿಮಗ ಹೇಳಿದ್ಲಂತ್ರೀ ಸರ್. ಇಷ್ಟು ವರ್ಷ ಆತು, ನಿಮಗೆಲ್ಲಿ ನೆನಪಿರತೈತಿ ಬಿಡ್ರಿ.”

ನೆನಪಿತ್ತು. ಶಾಲೆಗೆ ಸೇರಿಸುವಾಗ ಮಗು ಹುಟ್ಟಿದ ದಿನ ಹೇಳಿದ ತಾಯಿ ಆ ವರ್ಷ ಅವಳೊಬ್ಬಳೇ. ಹಳೆಯ ಕ್ಯಾಲೆಂಡರ್ ಹುಡುಕಲು ಬೇಸರವಾಗಿ ಅವಳ ಮಗಳನ್ನೂ ಎಲ್ಲರ ಸಾಲಿಗೆ ಸೇರಿಸಿದ್ದೆ. ಅದನ್ನು ಹೇಳದೆ, ಆಕೆ ಕೊಟ್ಟ ನೀರು ಕುಡಿದು ಬೆಳಗಾವಿ ಬಸ್ ಹತ್ತಿದೆ.