ಮಗ್ಗದಿಂದ ಇಳಿಯದ ಸೀರೆ

ಅಪ್ಪ ತೀರಿಕೊಂಡು ತಿಂಗಳು ತುಂಬಿಲ್ಲ. ನಿನ್ನೆ ಚಿಕ್ಕಪ್ಪ ಬಂದಿದ್ದ. ಸಾವಿನ ಮನೆಗೆ ಬರಿಗೈಲಿ ಹೋಗಬಾರದೆಂದು ಅವನಿಗೆ ಯಾರು ಹೇಳಿದರೋ, ಚಳ್ಳಕೆರೆಯ ಅಂಗಡಿಯಿಂದ ಒಂದು ಗಿರಣಿ ಸೀರೆಯನ್ನೂ ನನ್ನ ಎಂಟು ವರ್ಷದ ಮಗಳಿಗೆ ಒಬ್ಬ ಗಂಡನ್ನೂ ತಂದಿದ್ದ. ಸೀರೆ ಬಿಚ್ಚಿದ ಕೂಡಲೇ ಗಂಜಿಯ ವಾಸನೆ ಪಡಸಾಲೆ ತುಂಬಿತು.

"ವರ್ಷದೊಳಗೆ ಮದ್ವೆ ಮಾಡಿದ್ರೆ ನಿಮ್ಮಪ್ಪನಿಗೆ ಪುಣ್ಯ ಕಣಲೇ" ಎಂದ.

ನಾಳೆ ಹೇಳುತ್ತೇನೆ ಎಂದೆ. ಆಗುವುದಿಲ್ಲ ಎನ್ನುವ ಮಾತು ನಮ್ಮ ವಂಶದಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಈ ವಿದ್ಯೆಯಲ್ಲಿ ಅಪ್ಪನೇ ನನ್ನ ಗುರು.

ಬೇರೆ ಅಪ್ಪಂದಿರು ಮಕ್ಕಳನ್ನು ಪೇಟೆಗೆ ಕರೆದೊಯ್ದು ಬೆಂಡು ಬತ್ತಾಸು ಕೊಡಿಸುತ್ತಿದ್ದರು, ನಿಮಗೂ ಕೊಡಿಸಿರಬೇಕು. ನಮ್ಮಪ್ಪ ಗಾಣ ತೋರಿಸುತ್ತಿದ್ದ. ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿ, ಅವ್ವನನ್ನು, ನನ್ನನ್ನು, ತಂಗಿ ಗಂಗೆಯನ್ನು ಕೂರಿಸಿಕೊಂಡು ಹೊರಡುವನು. ಒಂದು ವರ್ಷ ಚಳ್ಳಕೆರೆ, ಇನ್ನೊಂದು ವರ್ಷ ಮೊಳಕಾಲ್ಮೂರು. ಗಾಣಿಗರ ಮನೆ, ಕುಂಬಾರರ ಮನೆ, ಕಂಬಳಿ ನೇಯುವವರ ಮನೆ.

"ತಿನ್ನೋ ಎಣ್ಣೆ, ಹೊದೆಯೋ ಕಂಬಳಿ ಯಾರ ಕೈಯಿಂದ ಬಂತು ಅಂತ ಗೊತ್ತಿರ್ಬೇಕು ಕಣ್ರೋ" ಎನ್ನುವನು.

ನಮಗೆ ಗೊತ್ತಾಯಿತು. ಗಾಣದ ಎತ್ತನ್ನೇ ನೋಡುತ್ತ ನಿಂತರೆ ತಲೆ ಸುತ್ತುತ್ತದೆ ಎಂಬುದೂ ಗೊತ್ತಾಯಿತು.

ಗಂಗೆಗೆ ಎಂಟಾದ ವರ್ಷ ಮೊಳಕಾಲ್ಮೂರಿನ ಸರದಿ. ಅವ್ವ ಅವಳಿಗೆ ಹೊಸ ಲಂಗ ಉಡಿಸಿ ತಲೆತುಂಬ ಹೂ ಮುಡಿಸಿದ್ದಳು. ಗಾಡಿ ರೇಷ್ಮೆ ನೇಯುವ ತಿಪ್ಪಯ್ಯನ ಬಾಗಿಲಲ್ಲಿ ನಿಂತಿತು. ಸಿಂಗಾರವಾದ ಹುಡುಗಿಯೊಡನೆ ಮನೆಮಂದಿಯೆಲ್ಲ ನೇಕಾರನ ಮನೆಗೆ ಬರುವುದು ಒಂದೇ ಕಾರಣಕ್ಕೆ, ಮದುವೆ ಸೀರೆಗೆ. ಸುಮ್ಮನೆ ನೋಡಿಕೊಂಡು ಹೋಗಲು ಬರುವವರೂ ಲೋಕದಲ್ಲಿದ್ದಾರೆಂದು ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು?

"ಮಂಚಿದಿ, ಮಂಚಿದಿ. ಒಳ್ಳೆ ಗಳಿಗೇಲಿ ಬಂದ್ರಿ" ಎಂದು ತನ್ನ ಮನೆಮಾತು ತೆಲುಗನ್ನು ಬೆರೆಸಿ ಒಳಗೆ ಕರೆದ. ಅವನ ಹೆಂಡತಿ ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, "ಬಾ ಅಮ್ಮಾಯಿ" ಎಂದು ಗಂಗೆಯ ಕೈಯಿಂದ ಒಂದು ಎಳೆ ಕಟ್ಟಿಸಿಯೇಬಿಟ್ಟಳು. ಮದುವೆ ಸೀರೆಯ ಮೊದಲ ಎಳೆಯನ್ನು ಮದುವಣಗಿತ್ತಿಯೇ ಕಟ್ಟುವುದು ಆ ಮನೆಯ ಪದ್ಧತಿ. ಕಟ್ಟಿದ್ದನ್ನು ಬಿಚ್ಚಿದರೆ ಹುಡುಗಿಗೆ ಕೇಡು. ಅಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ.

"ಸೀರೆ ಮೊದ್ಲು, ಗಂಡು ಆಮೇಲೆ. ಇಂಥ ಮದ್ವೆ ಈ ಸೀಮೇಲಿ ಕಂಡಿಲ್ಲ ಬಿಡ್ರಿ" ಎಂದು ಅವ್ವ ಮನೆಗೆ ಮರಳುವ ದಾರಿಯುದ್ದಕ್ಕೂ ಆಡಿಕೊಂಡಳು.

ಗಂಡಿನ ಕೊರತೆ ನೀಗಿಸಲು ಚಿಕ್ಕಪ್ಪ ಇದ್ದನಲ್ಲ. ಮೂವತ್ತು ದಾಟಿದ, ಎರಡನೆಯ ಸಂಬಂಧದ ಒಬ್ಬನನ್ನು ಹಿಡಿದು ತಂದ. "ಸೀರೆ ಬಂದ ಕೂಡ್ಲೆ ಲಗ್ನ ಕಣಣ್ಣ" ಎಂದ. ಗಂಗೆ ಕಣಜದ ಹಿಂದೆ ಅಡಗಿ ಊಟ ಬಿಟ್ಟಳು. ಅಪ್ಪ ಒಬ್ಬನೇ ಮೊಳಕಾಲ್ಮೂರಿಗೆ ಹೋಗಿಬಂದ.

"ಸೀರೆ ಇನ್ನೂ ಮಗ್ಗದಾಗೆ ಐತೆ" ಎಂದ.

ಮುಂದಿನ ವರ್ಷವೂ ಐತೆ. ಅದರ ಮುಂದಿನ ವರ್ಷವೂ ಐತೆ. ಚಳ್ಳಕೆರೆಯ ಸರದಿ ನಿಂತೇಹೋಯಿತು. ಸುಗ್ಗಿ ಮುಗಿದರೆ ಸಾಕು, ಮಕ್ಕಳಿಗೆ ಮಗ್ಗ ತೋರಿಸಲು ಹೊರಡುತ್ತಿದ್ದೆವು. ಗಂಗೆಯ ಎಳೆಗಳನ್ನು ಸುತ್ತಿ ಅಟ್ಟಕ್ಕಿಟ್ಟು, ತಿಪ್ಪಯ್ಯ ಇನ್ಯಾರದೋ ಸೀರೆ ನೇಯುತ್ತಿರುತ್ತಿದ್ದ.

"ನಿಧಾನಕ್ಕೆ ಆಗ್ಲಿ ಕಣಯ್ಯ" ಎಂದು ಅಪ್ಪ ಗಂಭೀರವಾಗಿ ಹೇಳುವನು.

"ಅವಸರದ ನೇಯ್ಗೆ ಬಾಳಿಕೆ ಬರಲ್ಲ ಗೌಡ್ರೆ" ಎಂದು ಅವನು ಅಷ್ಟೇ ಗಂಭೀರವಾಗಿ ಒಪ್ಪುವನು.

ಅಂಥ ಸೋಮಾರಿ ನೇಕಾರ ಮತ್ತೊಬ್ಬನಿಲ್ಲವೆಂದು ಚಿಕ್ಕಪ್ಪ ಊರೂರಲ್ಲಿ ಸಾರಿದ. ತಿಪ್ಪಯ್ಯ ಅದನ್ನೂ ಸಹಿಸಿದ. ಕಾದು ಸಾಕಾದ ಗಂಡು ಬೇರೆ ಕಡೆ ತಾಳಿ ಕಟ್ಟಿದ. ಗಂಗೆ ಬೆಳೆದು, ಅವಳಿಗೂ ಒಪ್ಪಿಗೆಯಾದ ಹುಡುಗ ಬಂದ ವರ್ಷ, ದೇವರ ದಯೆ, ಸೀರೆಯೂ ಥಟ್ಟನೆ ಮುಗಿಯಿತು. ಊರವರು ಅಪ್ಪನನ್ನು ಕೊನೆಯವರೆಗೂ ಬಾಯಿಲ್ಲದ ಮನುಷ್ಯ ಎಂದೇ ಕರೆದರು.

ಇವತ್ತು ಬೆಳಗ್ಗೆ ಚಿಕ್ಕಪ್ಪ ಬಂದು ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತ. "ಏನಂತೀಯಲೇ?"

"ಗಿರಣಿ ಸೀರೆ ಬ್ಯಾಡ ಚಿಕ್ಕಪ್ಪ. ಮಕ್ಕಳನ್ನ ಕರ್ಕೊಂಡು ಮೊಳಕಾಲ್ಮೂರಿಗೆ ಹೋಗ್ತೀನಿ."

"ತಿಪ್ಪಯ್ಯ ಎಲ್ಲವ್ನೆ ಈಗ?"

"ಅವನ ಮಗ ಅವ್ನೆ. ಅಪ್ಪನಿಗಿಂತ ನಿಧಾನ ಅಂತೆ."

ಚಿಕ್ಕಪ್ಪ ನನ್ನ ಮುಖವನ್ನೇ ನೋಡಿದ. ನಾನು ಎದ್ದು ಹೊರಗೆ ಹೋಗಿ ಗಾಡಿಯ ಅಚ್ಚಿಗೆ ಎಣ್ಣೆ ಬಿಡತೊಡಗಿದೆ. ಅಲ್ಲಿ ಯಾರೂ ಇರಲಿಲ್ಲ. ಅಪ್ಪ ಹೋದ ಮೇಲೆ ಮೊದಲ ಸಲ ಅತ್ತುಬಿಟ್ಟೆ.